ಜ್ವರ ಸಮೀಕ್ಷೆ

ಮನೆ ಸಂಖ್ಯೆ ನೂರ ಹದಿನಾಲ್ಕು.
ಹೊಸಿಲಿಗಡ್ಡವಾಗಿ ಸುಣ್ಣದ ಗೆರೆ,
ಗೆರೆಯಾಚೆ ಬಯ್ಯಮ್ಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು.
ರಿಜಿಸ್ಟರು ತೆರೆದು, ಬರೆಯದ ಪೆನ್ನು ಕೊಡವಿ
ಬೆಳಗಿನಿಂದ ಕೇಳಿದ್ದನ್ನೇ ಕೇಳಿದೆ:
ಮನೇಲಿ ಯಾರಿಗಾದ್ರೂ ಜ್ವರ?

‘ಹೂಂ ಕಣಮ್ಮ. ನಲವತ್ತು ಸಾವಿರಕ್ಕೆ.’

ಬರೆಯಲು ಬಗ್ಗಿದವಳು ತಲೆಯೆತ್ತಿದೆ.
ಆಕೆ ನಗುತ್ತಿರಲಿಲ್ಲ.
‘ನೂರು ಮೊಟ್ಟೆ ಹುಳ. ನಾಲ್ಕನೇ ಜ್ವರ,
ನಿನ್ನೆ ರಾತ್ರೀಲಿಂದ. ಒಳೀಕೆ ಬರಬ್ಯಾಡ.
ಮಾತೂ ಒಸಿ ಸಣ್ಣಕಾಡು.’

ಗೊತ್ತಿಲ್ಲದ್ದೇನಲ್ಲ.
ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿ
ಹುಳದ ಮನೆಯಲ್ಲೇ ಅಂಬೆಗಾಲಿಟ್ಟವಳು ನಾನು.
ಮರೆತಿದ್ದೆ, ಅಷ್ಟೆ.

ಕಿಟಕಿಯ ಬಲೆಗೆ ಕಣ್ಣು ಹಚ್ಚಿ ನೋಡಿದೆ:
ಅಟ್ಟಣೆಯ ಮೇಲೆ ಅಟ್ಟಣೆ,
ತಲೆ ಎತ್ತಿ ಕೂತಿವೆ ಎಲ್ಲ
ದೂರದ್ದೇನೋ ಕೇಳಿಸಿಕೊಳ್ಳುವ ಹಾಗೆ.
ಮೈಮೇಲೆ ಸುಣ್ಣದ ಪುಡಿ.
ಒಂದೆಲೆಯಿಲ್ಲ, ಸದ್ದಿಲ್ಲ.
ಮೊನ್ನೆ ಮೊನ್ನೆವರೆಗೂ ಈ ಬೀದಿಗೆ ಬಂದರೆ
ಮೊರದಲ್ಲಿ ರಾಗಿ ಕೇರುವಂಥ ಸದ್ದು,
ಹಗಲೂ ರಾತ್ರಿ, ಬರೀ ತಿನ್ನುವ ಸದ್ದು.

ಅಷ್ಟರಲ್ಲಿ ಮೂರು ಸಲ ನಡುಗಿತು ನನ್ನ ಫೋನು.
ಡ್ರಮ್ಮಿನ ಲಾರ್ವಾ ಫೋಟೋ ಬಂದಿಲ್ಲ.
ಮೇಲೂರಿನ ಬಾಣಂತಿಯ ಖಾತೆ ಸಂಖ್ಯೆ ತಪ್ಪಿದೆ.
ಆ್ಯಪು ಹೇಳಿತು, ಮತ್ತೆ ಪ್ರಯತ್ನಿಸಿ.
ಮತ್ತೆ ಪ್ರಯತ್ನಿಸಿದೆ.
ಮೊನ್ನೆ ರಾತ್ರಿ ಹೆರಿಗೆಗೆ ಜೊತೆ ಹೋದದ್ದು,
ನಿನ್ನೆ ರಾತ್ರಿ ಕೂತು ಪಟ್ಟಿ ತುಂಬಿದ್ದು,
ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿ
ಮಗಳ ಮೇಲೆ ರೇಗಿದ್ದು.
ಹೋದ ವಾರ ಒಂದೇ ಮನೆಗೆ ಎರಡು ಸಲ ಹೋಗಿ
ಪಕ್ಕದ ಮನೆ ಬಿಟ್ಟೇಬಿಟ್ಟಿದ್ದೆ.
ಜ್ವರ ಇದ್ದದ್ದು ಬಿಟ್ಟ ಮನೆಯಲ್ಲಿ.

ಹಸಿವಾಗಲ್ವಾ ಅವಕ್ಕೆ? ಒಂದು ಹಿಡಿ ಸೊಪ್ಪು ಹಾಕಿದರೆ?

‘ಮೊದಲ್ನೇ ವರ್ಷ ನಾನೂ ಹಂಗೇ ಅಂದ್ಕಂಡೆ.
ಪಾಪ ಅಂತ ಹಾಕ್ದೆ. ಎದ್ದವು ತಿಂದ್ವು,
ಏಳ್ದೇ ಇದ್ದವು ಸೊಪ್ಪಿನಡೀಲಿ ಸಿಕ್ಕಂಡ್ವು.
ಗೂಡು ಕಟ್ಟಿದ್ದು ಅರ್ಧ, ಅದೂ ಜಾಳು.
ಮಾರ್ಕೆಟ್ಟಲ್ಲಿ ರೀಲರು ಬಾಬಾಜಾನ್ ಸಾಬ್ರು
ಒಂದು ಗೂಡು ಅದುಮಿ ನೋಡಿ
ಏನೂ ಅನ್ನದೆ ಪಕ್ಕದ ಜಾಲರಿಗೆ ಹೋದ್ರು.
ಬೈದಿದ್ರೆ ಪರವಾಗಿರ್ಲಿಲ್ಲ.’

ಇದು ನಿದ್ದೆ ತಾನೇ, ಬಯ್ಯಮ್ಮ?
ಜ್ವರ ಅಂತ ಯಾಕಂತಾರೆ?

ಆಕೆ ಬಾಯೊಳಗಿನ ಎಲೆಯಡಿಕೆಯನ್ನು
ಈ ದವಡೆಯಿಂದ ಆ ದವಡೆಗೆ ಸರಿಸಿದಳು.
‘ನಿದ್ದೆ ಅಂದ್ರೆ ಯಾರು ಬಿಡ್ತಾರೆ, ಎಬ್ಬಿಸ್ತಾರೆ.
ಜ್ವರ ಅಂದ್ರೆ ಸುಮ್ಕೆ ಬಿಡ್ತಾರೆ.
ಹಿಂದಲವ್ರಿಗೆ ಬುದ್ಧಿ ಇತ್ತು.’

ಜಗಲಿಯ ಕಲ್ಲು ತಣ್ಣಗಿತ್ತು. ಕೂತೆ.
ಇನ್ನೂ ಇಪ್ಪತ್ತಾರು ಮನೆ.
ಬಯ್ಯಮ್ಮ ತಂದಿಟ್ಟ ಮಜ್ಜಿಗೆಯ ಲೋಟದ ಮೇಲೆ
ಅವಳ ಬೆರಳಿನ ಸುಣ್ಣ ಅಂಟಿತ್ತು.
ನಾಲ್ಕನೇ ಸಲ ನಡುಗಿದ ಫೋನನ್ನು
ಬೋರಲು ಹಾಕಿದೆ.
ಕಲ್ಲಿನ ಮೇಲೆ ಅದು ಇನ್ನಷ್ಟು ಜೋರಾಗಿ ನಡುಗಿತು.
ಎತ್ತಿ ಚೀಲದೊಳಗೆ, ಮಾತ್ರೆಯ ಡಬ್ಬಿಗಳ ತಳಕ್ಕೆ ತುರುಕಿದೆ.

ಮನೆ ಸಂಖ್ಯೆ ೧೧೪. ಜ್ವರ: ಇಲ್ಲ.
ಕೆಳಗಿನ ಸಾಲಿನಲ್ಲಿ
ಹೆಸರು: ಅಲುವೇಲು. ವಯಸ್ಸು: ೪೧.
ಎಷ್ಟು ದಿನದಿಂದ ಎಂಬ ಕಾಲಮ್ಮು ಸಣ್ಣದು,
ಎರಡಂಕಿಗೆ ಮಾತ್ರ ಜಾಗ.
ಖಾಲಿ ಬಿಟ್ಟೆ.

ಬೀದಿಯ ತುದಿಯಿಂದ ಯಾರೋ ಕೂಗಿದರು,
ಆಶಾ ಮೇಡಮ್ಮಾ, ಏ ಆಶಾ ಮೇಡಮ್ಮಾ.
ಏಳಲು ಹೊರಟೆ.
ಬಯ್ಯಮ್ಮ ಸುಣ್ಣದ ಬೆರಳು ತುಟಿಗಿಟ್ಟು
ಅತ್ತ ತಿರುಗಿ, ಸಣ್ಣ ದನಿಯಲ್ಲೇ ಅಂದಳು:
‘ಆಮ್ಯಾಲೆ ಬಾರಪ್ಪ. ಇಲ್ಲಿ ಜ್ವರ ಐತೆ.’