ನಾಳೆ ಬಾ

ಆಯನೂರಿನ ನಮ್ಮ ಬಾಗಿಲ ಮೇಲೆ
ಅಜ್ಜಿ ಸುಣ್ಣದಲ್ಲಿ ಬರೆಸಿದ್ದಳು: ನಾಳೆ ಬಾ.
ರಾತ್ರಿ ಬರುವ ದೆವ್ವಕ್ಕೆ ಓದಲು ಬರುತ್ತಿತ್ತು,
ಅಜ್ಜಿಗೆ ಬರುತ್ತಿರಲಿಲ್ಲ.
ಬರೆದವಳು ನಾನು, ಎರಡನೇ ಕ್ಲಾಸು,
'ಳೆ' ಸರಿಯಾಗದೆ ಮೂರು ಸಲ ಅಳಿಸಿ.

ಈಗ ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಹತ್ತಡಿ ಅಂಗಡಿ, ಎರಡು ಮಿಷನ್ನು,
ವೈಶಾಖದ ಅಷ್ಟೂ ಮದುವೆಗಳು.
ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ,
ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡೇ:
ನಾಳೆ ಬನ್ನಿ.

ಹೊಳೆಹೊನ್ನೂರಿನ ಮದುಮಗಳಿಗೆ, ನಾಳೆ.
ಬಾಳೆಸುಳಿ ಬಣ್ಣದ ರೇಷ್ಮೆ ಕೊಟ್ಟ ಬ್ಯಾಂಕಿನ ಮೇಡಮ್ಮಿಗೆ, ನಾಳೆ.
ಹಾಲಿನ ಬಾಕಿಗೆ, ಕರೆಂಟು ಬಿಲ್ಲಿಗೆ,
ಮಗಳ ಸ್ಕೂಲಿನ ಫಾರಮ್ಮಿಗೆ,
ಮೂರು ವಾರದಿಂದ ನೋಯುವ ಬಲದವಡೆಗೆ.
ಎಲ್ಲರೂ ಓದುಬಲ್ಲವರು. ಎಲ್ಲರೂ ಹೋಗುತ್ತಾರೆ.
ಬೆಳಿಗ್ಗೆ ಷಟರ್ ಎತ್ತಿದರೆ
ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಅಜ್ಜಿ ಇದೊಂದು ಹೇಳಿರಲಿಲ್ಲ:
ನಾಳೆ ಬಾ ಅಂದರೆ
ದೆವ್ವ ನಾಳೆಯೂ ಬರುತ್ತದೆ.

ಕಸುಬಿನ ಗುಟ್ಟು ಒಂದು ಹೇಳಲೆ?
ಬಟ್ಟೆ ಬಂದ ದಿನವೇ ಕತ್ತರಿ ಹಾಕಿಬಿಡುವುದು.
ಕತ್ತರಿಸಿದ್ದನ್ನು ಯಾರೂ ಬೇರೆ ಅಂಗಡಿಗೆ ಒಯ್ಯುವುದಿಲ್ಲ.
ಹಾಗೆ ಕತ್ತರಿಸಿ ಕತ್ತರಿಸಿ ಇಟ್ಟ ಇಪ್ಪತ್ಮೂರು ರವಿಕೆ,
ಬೆನ್ನು ಒಂದು ಕಡೆ, ಎದೆ ಒಂದು ಕಡೆ,
ಫ್ಯಾನು ತಿರುಗಿದರೆ ತೋಳುಗಳೆಲ್ಲ ಎದ್ದು
ನನ್ನನ್ನೇ ಕರೆದಂತೆ.

ಮಂಗಳವಾರ ಸಂಜೆ ತಬಸ್ಸುಮ್ ಹುಕ್ಕು ಹಚ್ಚುತ್ತಾ
ತಲೆ ಎತ್ತಿ ಕೇಳಿದಳು, 'ಅಕ್ಕ,
ಈ ರವಿಕೆಗೆ ಎರಡೂ ಎಡತೋಳೇ?'
ಎರಡೂ ಎಡ. ಒಂದು ಮದುಮಗಳದ್ದು,
ಇನ್ನೊಂದು ಯಾರದ್ದೋ, ಅದೇ ಕೆಂಪು.
ಅಷ್ಟರಲ್ಲಿ ಕರೆಂಟು ಹೋಯಿತು.
ಬಿಸಿಲಿಗೆ ಕಾದ ತಗಡು ಮೇಲಿಂದ ಟಿಕ್ ಟಿಕ್ ಎಂದಿತು.
ಅಳು ಬರಲಿಲ್ಲ. ಅಳುವುದಕ್ಕೂ
ಸರತಿ ಬಂದಿರಲಿಲ್ಲ ಅನಿಸುತ್ತದೆ.

ಬಾಗಿಲ ಬೆಳಕಿಗೆ ಸ್ಟೂಲು ಎಳೆದು
ಬ್ಲೇಡಿನಿಂದ ಹೊಲಿಗೆ ಬಿಚ್ಚಲು ಕೂತೆ.
ಒಂದೊಂದೇ ಹೆಣಿಕೆ. ಜರಿ ಜಗ್ಗಬಾರದು.
ಫೋನು ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಬಿಟ್ಟೆ.
ನಲವತ್ತು ನಿಮಿಷ. ಈ ತಿಂಗಳಲ್ಲಿ
ಶುರುಮಾಡಿ ಮುಗಿಸಿದ ಕೆಲಸ ಅದೊಂದೇ,
ಅದೂ ಮಾಡಿದ್ದನ್ನು ಬಿಚ್ಚಿದ್ದು.
ತಬಸ್ಸುಮ್ ಟೀ ತಂದಿಟ್ಟಳು. ಬಿಸಿಯಿರುವಾಗಲೇ ಕುಡಿದೆ.

ಆಮೇಲೆ ಗುರುತು ಹಾಕುವ ಚಾಕಿನಲ್ಲಿ
ಟೇಬಲ್ಲಿನ ಅಂಚಿಗೆ ಮೂರು ಹೆಸರು ಬರೆದೆ.
ನಾಲ್ಕನೆಯದಕ್ಕೆ ಕೈ ಹೋಯಿತು. ಹಿಂದೆ ತಂದೆ.
ಉಳಿದವರಿಗೆ ನಾನೇ ಫೋನು ಮಾಡಿದೆ:
ನಿಮ್ಮದು ಇಪ್ಪತ್ತೊಂಬತ್ತಕ್ಕೆ. ಅದಕ್ಕೂ ಮುಂಚೆ ಆಗಲ್ಲ.
'ಆಗಲ್ಲ' ಎನ್ನುವಾಗ ಗಂಟಲಲ್ಲಿ
ಗುಂಡುಸೂಜಿ ನುಂಗಿದ ಹಾಗೆ, ಮೊದಲೆರಡು ಸಲ.
ಒಬ್ಬಾಕೆ ಬೈದಳು. ಇಬ್ಬರು ಕತ್ತರಿಸಿದ್ದನ್ನೇ
ಸುತ್ತಿಕೊಂಡು ಹೋದರು, ನನ್ನ ಗುಟ್ಟನ್ನು ಸುಳ್ಳು ಮಾಡಿ.
ಬ್ಯಾಂಕಿನ ಮೇಡಮ್ಮು ಮಾತ್ರ ಉಸಿರು ಬಿಟ್ಟು,
'ಒಂದು ತಾರೀಖು ಅಂತ ಹೇಳಿದಿರಲ್ಲ, ಸಾಕು' ಎಂದರು.

ಮುಗಿದಂತೆ ಹೆಸರನ್ನು ಬೆರಳಲ್ಲೇ ಒರೆಸುತ್ತೇನೆ.
ಎಲ್ಲ ದಿನವೂ ಮೂರೂ ಒರೆಸಿಹೋಗುವುದಿಲ್ಲ.
ನಿನ್ನೆ ಎರಡೇ. ಹಾಲಿನವನಿಗೆ ಈಗಲೂ ಬಾಕಿ.

ಶುಕ್ರವಾರ ಮಧ್ಯಾಹ್ನ ದವಡೆ ಹಲ್ಲು ಕೀಳಿಸಿಕೊಂಡು
ಅರ್ಧ ಮರಗಟ್ಟಿದ ಮುಖ ಹೊತ್ತು ಬಂದರೆ,
ರಾಶಿಯ ತಳದಿಂದ ತಬಸ್ಸುಮ್ ಒಂದು ಹಸಿರು ಖಣ
ಎಳೆದು ಹಿಡಿದಿದ್ದಳು. ಅಳತೆ ಚೀಟಿಯಿಲ್ಲ,
ಮಡಿಕೆಯಲ್ಲಿ ಬಣ್ಣ ಮಾಸಿದೆ. 'ಇದ್ಯಾರದ್ದಕ್ಕ?'
ನನ್ನದು. ಆರು ವರ್ಷದ್ದು.
ನಾಳೆ, ಎನ್ನಲು ಬಾಯಿ ತೆರೆದೆ.
ಬಾಯಿ ತುಂಬ ಹತ್ತಿ.
ಸಂಜೆವರೆಗೆ ಮಾತಾಡಬಾರದೆಂದಿದ್ದರು ಡಾಕ್ಟರು.

ತಬಸ್ಸುಮ್ ಒಂದು ಗಳಿಗೆ ಕಾದಳು,
ಚಾಕು ತೆಗೆದುಕೊಂಡು ಟೇಬಲ್ಲಿನ ಅಂಚಿಗೆ
ನನ್ನ ಹೆಸರು ಬರೆದಳು, ಪಕ್ಕದಲ್ಲಿ ತಾರೀಖು.
ಹೆಸರಲ್ಲಿ ಒಂದು ದೀರ್ಘ ತಪ್ಪಿತ್ತು.
ತಿದ್ದಲಿಲ್ಲ.