ಇತರೆ

ಏಳು ವರ್ಷ ನನ್ನ ಮೇಜಿನ ಮೇಲಿದ್ದದ್ದು ಅದೇ ಲ್ಯಾಪ್‌ಟಾಪ್.
ಕೀಲಿಗಳ ಸಂದಿಯಲ್ಲಿ ಜೀನ್ಸಿನ ನೀಲಿ ಜುಂಗು,
ಪೂರ್ತಿ ಅಳಿಸಿದ ಎಂಟು, ಅರ್ಧ ಉಳಿದ ಮೂರು,
ಬ್ಯಾಟರಿ ಸತ್ತು ಎರಡು ಬೇಸಿಗೆ.
ಕೌಲ್ ಬಜಾರಿನಲ್ಲಿ ಕರೆಂಟು ಹೋದರೆ
ಮೂವತ್ತು ಹೊಲಿಗೆ ಮಿಷನ್ನುಗಳ ಜೊತೆ
ಅದೂ ಒಂದೇ ಉಸಿರಿಗೆ ನಿಲ್ಲುತ್ತಿತ್ತು.

ಹೋದ ವಾರ ರಾಘವುಲು ಸಾವ್ಕಾರ್ರು ಟ್ಯಾಬು ತಂದರು.
"ನೋಡು ತಿಪ್ಪೇಶಿ, ಊಟದ ತಟ್ಟೆ ಇದ್ದಂಗೈತೆ.
ಬಿಚ್ಚಂಗಿಲ್ಲ, ಮಡಚಂಗಿಲ್ಲ.
ಒಂದು ವಾರ ನಡೆಸಿ ಹೇಳು.
ಸಾಲ್ತದೆ ಅಂದ್ರೆ ಆ ಡಬ್ಬಾ ಗುಜರಿಗೆ."

ನಡೆಸಿದೆ.
ಗಾಜಿನ ಮೇಲೆ ಬೆರಳಿಗೆ ಉಬ್ಬುತಗ್ಗು ಸಿಗದೆ
ಒಂದು ಸೊನ್ನೆ ಹೆಚ್ಚಾಗಿ
ಸೊಲ್ಲಾಪುರದ ಅಂಗಡಿಗೆ ನಾಲ್ಕು ಸಾವಿರ ಪ್ಯಾಂಟು ಹೊರಟುಬಿಟ್ಟವು,
ಕಾಗದದ ಮೇಲಷ್ಟೇ, ಪುಣ್ಯ.
ಬರೆಯಲು ಮುಟ್ಟಿದರೆ ಕೀಲಿಮಣೆ ಕೆಳಗಿನಿಂದೆದ್ದು
ಅರ್ಧ ಲೆಕ್ಕ ಮುಳುಗಿಸುತ್ತದೆ, ಹೊಳೆ ಬಂದ ಹಾಗೆ.
ಪ್ರಿಂಟರು ಇವನಾರೋ ಗೊತ್ತಿಲ್ಲ ಎಂದಿತು.
ಹಣೆಯ ಬೆವರು ಒಂದು ಹನಿ ಬಿದ್ದದ್ದೇ
ಹೋದ ದಸರೆಯ ಬೋನಸ್ ಪಟ್ಟಿ ತಾನಾಗಿ ತೆರೆದುಕೊಂಡಿತು.

ಆದರೂ ಮುಂಡರಗಿಯ ವಾಷಿಂಗ್ ಘಟಕಕ್ಕೆ
ಕಂಕುಳಲ್ಲಿ ಇಟ್ಟುಕೊಂಡು ಹೋದೆ.
ಆ ಹಬೆಯಲ್ಲಿ, ಮೊಣಕಾಲಿನ ತನಕ ನೀಲಿಯಾದ ಹುಡುಗರ ನಡುವೆ
ನಿಂತಲ್ಲೇ ಬಣ್ಣದ ಚಿತ್ರ ತೆಗೆದೆ, ನಿಂತಲ್ಲೇ ಕಳಿಸಿದೆ.
ಲ್ಯಾಪ್‌ಟಾಪ್ ಆಗಿದ್ದರೆ
ಕೂರಲು ಕುರ್ಚಿ ಕೇಳುತ್ತಿತ್ತು, ಮೊದಲು.

ಶನಿವಾರ ಬಟವಾಡೆ.
ಇಷ್ಟು ದಿನ ಹೇಗೆಂದರೆ:
ನಾನು ಒಳಗಡೆ, ಅವರು ಆಚೆ, ನಡುವೆ ಎತ್ತಿದ ಮುಚ್ಚಳ.
ಏಳು ವರ್ಷ ಅವರು ನೋಡಿದ್ದು ಅದರ ಬೆನ್ನು,
ಯಾರದೋ ಮಗು ಅಂಟಿಸಿದ ಸಿಪ್ಪೆ ಎದ್ದ ನವಿಲು.
ನಾನು ಮೊತ್ತ ಕೂಗುವುದು, ಅವರು ಎಣಿಸಿ ಸೆರಗಿಗೆ ಕಟ್ಟುವುದು.
ದಿನಕ್ಕೆ ಇನ್ನೂರು ಜೇಬು ಹೊಲಿಯುವವರಿಗೆ
ತಮ್ಮ ಬಟ್ಟೆಯಲ್ಲಿ ಒಂದೂ ಜೇಬಿಲ್ಲ.

ಈ ತಟ್ಟೆಗೆ ಬೆನ್ನಿದ್ದರೂ ಅಡ್ಡ ನಿಲ್ಲುವುದಿಲ್ಲ.
ಮೇಜಿನ ಮೇಲೆ ಅಂಗಾತ ಮಲಗಿತ್ತು.
ಹುಲಿಗೆಮ್ಮ ಬಾಗಿದಳು.
"ನನ್ನ ಹೆಸ್ರು ಇದೇ ಅಲ್ಲೇನಣ್ಣಾ?"
ಮಗನ ಮೊಬೈಲು ಸವರಿ ರೂಢಿಯಾದ ಬೆರಳು
ಹೆಸರನ್ನು ಮುಟ್ಟಿ, ಸುಮ್ಮನೆ, ಎಡಕ್ಕೆ ಜಾರಿತು.
ಪೀಸು, ದರ, ಮೊತ್ತ ಒಂದೊಂದಾಗಿ ಸರಿದು
ಪರದೆಯಾಚೆ ಬಚ್ಚಿಟ್ಟುಕೊಂಡಿದ್ದ ಕೊನೆಯ ಕಂಬ
ಒಳಗೆ ಬಂದು ನಿಂತಿತು.

"ಇತರೆ ಅಂದ್ರೆ ಯಾರು?"

ಸೂಜಿ ಮುರಿದದ್ದು, ಅಂದೆ. ದಾರ. ಫ್ಯಾನಿನ ಕರೆಂಟು.
"ಈ ವಾರ ನಾ ಸೂಜಿ ಮುರ್ದಿಲ್ಲ."
ಹಿಂದಿನಿಂದ ಮಾಬುನ್ನಿ: "ನಂದೂ ತೋರ್ಸು."
ಆ ಕಂಬ ಸಾವ್ಕಾರ್ರು ಹೇಳಿದ್ದು, ನಿಜ.
ತುಂಬಿದ್ದು ನಾನು.
ಎಂಟು ಅಳಿಸಿಹೋದದ್ದು ಸುಮ್ಮನೆ ಅಲ್ಲ.

ಮೂವತ್ತು ಬೆರಳು ಸವರಿದವು. ಯಾರೂ ಕೂಗಲಿಲ್ಲ.
ದುಡ್ಡು ತಗೊಂಡು ಹೋಗದೆ ಅಲ್ಲೇ ಕೂತರು,
ಮಿಷನ್ನಿನ ಪಕ್ಕ, ಕಾಲು ಚಾಚಿ.
ಕಿಟಕಿಯಾಚೆ ಬಳ್ಳಾರಿ ಗುಡ್ಡ
ಹಗಲಿಡೀ ನುಂಗಿದ ಬಿಸಿಲನ್ನು
ನಿಧಾನಕ್ಕೆ ವಾಪಸು ಕೊಡುತ್ತಿತ್ತು.

ಸಾವ್ಕಾರ್ರು ಬಂದದ್ದು ಏಳರ ಮೇಲೆ.
"ಏನಪ್ಪಾ, ಸಾಲ್ತದೋ ಇಲ್ಲೋ?"
ಬಿಲ್ಲಿಗೆ ಸಾಲದು, ಅಂದೆ. ತೆರಿಗೆ ಲೆಕ್ಕಕ್ಕೂ ಸಾಲದು.
"ಮತ್ತೆ ಇದನ್ನ ವಾಪಸ್ ಕೊಡ್ಲಾ?"
ನಾಲಿಗೆ ತುದಿಗೆ ಹೂಂ ಬಂದಿತ್ತು,
ಬಲು ಸುಲಭದ ಹೂಂ.
ಬಟವಾಡೆಗೆ ಇರಲಿ, ಅಂದೆ.

ಅವರು ಗಾಜಿನ ಮೇಲಿನ ನೀಲಿ ಗುರುತು ನೋಡಿದರು.
"ಏನಿದು, ಹೊಸದನ್ನ ಇಷ್ಟು ಹೊಲಸು ಮಾಡೀಯಾ,"
ಎಂದು ಕರವಸ್ತ್ರ ತೆಗೆದು ಒರೆಸಿದರು.
ಒರೆಸಿದ ಕಡೆಗೇ ಸರಿಯಿತು ಪರದೆ,
ಬಲಗಡೆಯಿಂದ ಆ ಕಂಬ
ಮತ್ತೊಮ್ಮೆ, ತಾನಾಗಿ.