ಮರುಪ್ರಸಾರ

ಮಂಗಳವಾರ, ಶುಕ್ರವಾರ, ಅತ್ತಾವರದ ಎರಡನೇ ಮಾಳಿಗೆ.
ನನ್ನ ರಕ್ತ ಹೊರಗೆ ಹೋಗಿ
ತೊಳೆಸಿಕೊಂಡು ತಿರುಗಿ ಬರುವ ನಾಲ್ಕು ಗಂಟೆ
ಗೋಡೆಯ ಮೇಲೆ ಅವ ಇರುತ್ತಾನೆ.
ರಿಮೋಟು ಸಿಸ್ಟರ ಕಿಸೆಯಲ್ಲಿ,
ನನ್ನ ಎಡಗೈ ಮೆಷಿನಿನ ಹಿಡಿತದಲ್ಲಿ.
ಹಾಗಾಗಿ ಪೂರ್ತಿ ನೋಡಿದ್ದೇನೆ ಅವನನ್ನು.

ನಗು ಬಾರದವ ಅಂತ ತಿಳಿಯಬೇಡಿ ನನ್ನನ್ನು.
ಮೂವತ್ತೊಂದು ವರ್ಷ
ಸ್ಟೇಟ್‌ಬ್ಯಾಂಕಿನಿಂದ ತಲಪಾಡಿಗೆ ಟಿಕೇಟು ಹರಿದಿದ್ದೇನೆ.
ಬಾಗಿಲಲ್ಲಿ ಜನ ಬಾವಲಿಯ ಹಾಗೆ ನೇತಾಡುವಾಗ
"ಹಿಂದೆ ಹೋಗಿ ಮಾರ್ರೆ,
ಒಂದು ಮದುವೆ ಮಾಡುವಷ್ಟು ಜಾಗ ಉಂಟು" ಅಂದರೆ
ಬೈಯುತ್ತಿದ್ದವರೂ ನಕ್ಕು ಎರಡು ಹೆಜ್ಜೆ ಸರಿಯುತ್ತಿದ್ದರು.
ಆ ನಗೆಗೆ ಒಂದು ಕೆಲಸ ಇತ್ತು:
ಹತ್ತುವವನಿಗೆ ಕಾಲಿಡಲಿಕ್ಕೆ ಜಾಗ.

ಇವ ಜಾಗ ಕೊಡುವುದಿಲ್ಲ.
ಪ್ರಶ್ನೆ ಅರ್ಧದಲ್ಲಿರುವಾಗಲೇ
ಬೇರೆಯವರ ಬಝರು ಒತ್ತುತ್ತಾನೆ.
ಪಕ್ಕದವನ ಚೀಟಿಗೆ ಇಣುಕುತ್ತಾನೆ,
ಸಿಕ್ಕಿಬಿದ್ದರೆ ಕ್ಯಾಮರಾಕ್ಕೆ ಕಣ್ಣು ಹೊಡೆಯುತ್ತಾನೆ,
ಅಂದರೆ ನಮಗೆ, ಅಂದರೆ ನಾವೂ ಪಾಲುದಾರರು.
ಹೀಗೆ ಹಲ್ಲು ಕಿಸಿದು ಟಿಕೇಟು ತಪ್ಪಿಸಿದವರನ್ನು
ಎಷ್ಟು ಸಲ ಜೆಪ್ಪಿನಮೊಗರಿನಲ್ಲಿ ಇಳಿಸಿಲ್ಲ ನಾನು!

ಒಂದು ವಾರ ಬಜಪೆ ಕಡೆಯ ಒಬ್ಬರು ಮುದುಕರು ಬಂದಿದ್ದರು,
ಹೊಸ ಅಂಗಿ, ಪೊಟ್ಟಣದ ಮಡಿಕೆ ಇನ್ನೂ ಎದೆಯ ಮೇಲೆ.
ಜೇನುಹುಳಕ್ಕೆ ಕಣ್ಣು ಎಷ್ಟು?
ಅವರು ಬೆರಳು ಮಡಚಿ "ಅದು ಎಂತ ಗೊತ್ತುಂಟಾ..." ಅಂದದ್ದೇ ತಡ
ಇವ ಎಳೆದ, "ಗೊತ್ತುಂಟಾಆಆ",
ಇನ್ನೊಮ್ಮೆ, ಮತ್ತೊಮ್ಮೆ,
ಜನ ಕುರ್ಚಿಯಿಂದ ಬಿದ್ದು ಬಿದ್ದು ನಗುವವರೆಗೆ.
ಗಂಟೆ ಹೊಡೆಯಿತು. ಹತ್ತು ಸಾವಿರ ಹೋಯಿತು.
ಮುದುಕರೂ ನಕ್ಕರು.
ಸುತ್ತ ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿರಲಿಕ್ಕೆ ಆಗುತ್ತದಾ?
ಸುರತ್ಕಲ್ಲಿನ ಹುಡುಗ ಅವ.
ಅವನ ಅಮ್ಮ ಮೀನಿನವನ ಹತ್ತಿರ ಮಾತಾಡುವುದು
ಬೇರೆ ಯಾವ ಕನ್ನಡದಲ್ಲಿ?

"ಐದು" ಅಂದರು ಪಕ್ಕದ ಹಾಸಿಗೆಯ ಸೆವ್ರಿನ್ ಬಾಯಿ, ಕಣ್ಣು ಮುಚ್ಚಿಕೊಂಡೇ.
ಅವರ ಅಣ್ಣನ ಮನೆಯಲ್ಲಿ ಜೇನುಪೆಟ್ಟಿಗೆ ಇತ್ತಂತೆ.

ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆದರೆ ಕಳೆದ ಶುಕ್ರವಾರ ಒಂದು ಹಳೆಯ ಸಂಚಿಕೆ,
ನಾನು ಎರಡು ಸಲ ನೋಡಿದ್ದೇ.
ಮೂಲೆಯ ಹಾಸಿಗೆಯವರಿಗೆ ವಾಂತಿ, ಹಾಗಾಗಿ ಶಬ್ದ ತೆಗೆದಿದ್ದರು.
ಒಬ್ಬಳು ಹುಡುಗಿ ಲೋಟದ ಮೇಲೆ ಲೋಟ ಇಡುತ್ತಾಳೆ,
ಕೈ ಗಡಗಡ.
ಇವ ತಲೆಗೆ ಕೆಂಪು ಬೈರಾಸು ಸುತ್ತಿ
ಅವಳಿಗೆ ಬೆನ್ನು ಹಾಕಿ ಕುಣಿಯುತ್ತಾನೆ ಮಂಗನ ಹಾಗೆ.
ಎಲ್ಲರ ಕಣ್ಣು ಬೈರಾಸಿನ ಮೇಲೆ.
ಬೆನ್ನ ಹಿಂದೆ ಅವನ ಕೈ,
ಒಂದೇ ಬೆರಳು,
ವಾಲುತ್ತಿದ್ದ ನಾಲ್ಕನೇ ಲೋಟವನ್ನು ನೆಟ್ಟಗೆ ಮಾಡಿತು.
ಹುಡುಗಿಗೆ ಫ್ರಿಜ್ಜು ಸಿಕ್ಕಿತು.
ಅವಳಿಗೂ ಗೊತ್ತಾಗಲಿಲ್ಲ.
ಕ್ಯಾಮರಾಕ್ಕೆ ಕಣ್ಣು ಹೊಡೆಯಲಿಲ್ಲ ಅವ.

ಅದೂ ಕಳ್ಳಾಟವೇ. ಲೆಕ್ಕ ಅಂದರೆ ಲೆಕ್ಕ.
ಆದರೂ ಆ ರಾತ್ರಿ ಊಟದ ಹೊತ್ತಿಗೂ
ಬೆರಳೊಂದು ತಟ್ಟೆಯ ಅಂಚಿನಲ್ಲಿ ಇದ್ದ ಹಾಗೆ.
ಇವತ್ತು ಸೆವ್ರಿನ್ ಬಾಯಿಗೆ ಹೇಳಿದೆ.
ಅವರು ಬಹಳ ಹೊತ್ತು ಟ್ಯೂಬು ನೋಡುತ್ತಾ ಇದ್ದು ಕೇಳಿದರು:
"ಜೇನಿನವರು ನಿಂತಾಗ ಆ ಬೆರಳು ಎಲ್ಲಿತ್ತು?"

ನನ್ನಲ್ಲಿ ಚಿಲ್ಲರೆ ಇರಲಿಲ್ಲ.

ಮೆಷಿನು ಕೂಗಿತು, ಸಿಸ್ಟರು ಬಂದು ಎಂತದೋ ಒತ್ತಿ ಹೋದರು.
ಗೋಡೆಯ ಮೇಲೆ ಅವ ಮತ್ತೆ ಯಾರದೋ ಚೀಟಿಗೆ ಬಗ್ಗಿದ್ದಾನೆ.
ಮುಖ ನೋಡುವುದು ಬಿಟ್ಟಿದ್ದೇನೆ.
ಈಗ ನೋಡುವುದು ಕೈ ಮಾತ್ರ.